ಇನ್ನೊಂದು ಬೀಗದ ಕೈ

ಆಲಮೇಲದಲ್ಲಿ ಬಸ್ಸು ಹತ್ತಿ, ಸಿಂದಗಿಯ ಮೇಲಿಂದ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯಕ್ಕೆ ಓದಲು ಹೋಗುವ ಮಗಳಿಗೆ ತಾಯಿ ಹೇಳುವ ಎಚ್ಚರಿಕೆಗಳು ಹಲವು: ಹಣ ಜೋಪಾನ, ಚೀಲ ಜೋಪಾನ, ಟ್ರಂಕಿಗೆ ಬೀಗ ಹಾಕುವುದನ್ನು ಮರೆಯಬೇಡ. ಮಗಳ ಬಳಿ ಇರುವ ಇನ್ನೊಂದು ಬೀಗದ ಕೈಯ ಮಾತು ಮಾತ್ರ ಬರುವುದಿಲ್ಲ. ಇಂದಿನ ವಿಶ್ವವಿದ್ಯಾನಿಲಯಗಳ ಗ್ರಂಥಭಂಡಾರಗಳಲ್ಲಿ ಪುಸ್ತಕಗಳ ಪಟ್ಟಿ, ಎರವಲಿನ ಲೆಕ್ಕ, ದೇಶವಿದೇಶಗಳ ಸಂಶೋಧನ ಪತ್ರಿಕೆಗಳು ಗಣಕಯಂತ್ರದೊಳಗೆ ಸೇರಿವೆ. ಅದರ ಬಾಗಿಲು ತೆರೆಯುವುದು ಪಾಸ್‌ವರ್ಡ್ ಎಂಬ ಗುಟ್ಟಿನ ಮಾತಿಗೆ.

ಕಳ್ಳರಿಗೆ ಇದು ತಿಳಿದು ಬಹಳ ದಿನಗಳಾದವು. 2018ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸರ್ಕಾರವು ಒಂಬತ್ತು ಮಂದಿ ಇರಾನೀಯರ ಮೇಲೆ ದೋಷಾರೋಪ ಹೊರಿಸಿತು. ಅದರ ಪ್ರಕಾರ ಅಮೆರಿಕದ 144 ಹಾಗೂ ಬೇರೆ 21 ದೇಶಗಳ 176 ವಿಶ್ವವಿದ್ಯಾನಿಲಯಗಳಿಗೆ ಅವರು ಕೈಹಾಕಿದ್ದರು. ಸುಮಾರು 8,000 ಪ್ರಾಧ್ಯಾಪಕರ ಖಾತೆಗಳು ಅವರ ವಶವಾಗಿದ್ದವು. ಗೋಡೆಗೆ ಕನ್ನ ಕೊರೆಯುವ ಶ್ರಮವನ್ನೇನೂ ಅವರು ಪಡಲಿಲ್ಲ. ಪರಸ್ಥಳದ ಪ್ರಾಧ್ಯಾಪಕರ ಸೋಗಿನಲ್ಲಿ, ತಮ್ಮ ಲೇಖನವನ್ನು ಓದಿ ಮೆಚ್ಚಿದೆವೆಂದು ಕಾಗದ ಕಳುಹಿದರು. ಹೊಗಳಿಕೆಗೆ ಒಲಿಯದ ವಿದ್ವಾಂಸರುಂಟೆ? ಕಾಗದದಲ್ಲಿದ್ದ ಕೊಂಡಿಯನ್ನು ಒತ್ತಿದರೆ, ತಮ್ಮ ವಿಶ್ವವಿದ್ಯಾನಿಲಯದ್ದೇ ಎಂಬಂತೆ ಕಾಣುವ ಸುಳ್ಳು ಬಾಗಿಲು! ಅಲ್ಲಿ ಬರೆದ ಗುಟ್ಟು ನೇರವಾಗಿ ಕಳ್ಳನ ಜೇಬಿಗೆ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ 2023ರ ಅಕ್ಟೋಬರಿನಲ್ಲಿ ಒದಗಿದ್ದು ಇನ್ನೂ ದೊಡ್ಡ ವಿಪತ್ತು. ಯಂತ್ರಗಳನ್ನು ಕೆಡಿಸಿದ ದುಷ್ಟರು ಸುಮಾರು 6 ಲಕ್ಷ ಪೌಂಡು ಒತ್ತೆಹಣ ಕೇಳಿದರು. ಗ್ರಂಥಾಲಯ ಕೊಡಲಿಲ್ಲ. ಪುಸ್ತಕಗಳೆಲ್ಲ ಕಪಾಟಿನಲ್ಲಿಯೇ ಇದ್ದವು. ಅವನ್ನು ಹುಡುಕುವ ಪಟ್ಟಿ ಓದುಗರಿಗೆ ಮರಳಿ ದೊರೆತದ್ದು 2024ರ ಜನವರಿ 15ರಂದು. ಆದರೂ ಅಂಕೀಯ ಸಂಗ್ರಹದ ಪ್ರತಿಗಳನ್ನು ಬೇರೆಯಾಗಿ ಕಾದಿರಿಸಿದ್ದುದರಿಂದ ಅದು ಸರ್ವನಾಶವಾಗಲಿಲ್ಲ.

ಪ್ರತಿಯ ಬೆಲೆಯನ್ನು ವಿಜಯಪುರಕ್ಕೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳನ್ನು ಅರಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು, ಬಳಿಕ ಇದ್ದ ಮನೆಯನ್ನು ಮಾರಿ ಮುದ್ರಣಾಲಯ ತೆರೆದರು. ಒಂದೇ ಮನೆಯ ಜಂತಿಯಲ್ಲಿದ್ದ ಕಟ್ಟು ಗೆದ್ದಲಿಗೆ ಒಂದೇ ತುತ್ತು. ನೂರು ಮನೆ ಸೇರಿದ ಪುಸ್ತಕ ಹಾಗಲ್ಲ. ಗ್ರಂಥಪಾಲಕರು ಇಂದು ಮಾಡಬೇಕಾದುದೂ ಅದೇ: ಪಟ್ಟಿಯ ಒಂದು ಪ್ರತಿಯನ್ನು ಜಾಲದ ತಂತಿಯಿಂದ ಬಿಡಿಸಿ ಬೇರೆ ಕಟ್ಟಡದಲ್ಲಿಡುವುದು, ಆಗಾಗ ಅದನ್ನು ತೆರೆದು ಓದಿ ನೋಡುವುದು, ಓದು ಮುಗಿಸಿ ಹೋದವರ ಖಾತೆಗಳನ್ನು ಮುಚ್ಚುವುದು.

ಇನ್ನು ಆಲಮೇಲದ ಮಗಳ ಪಾಲಿನದು. ಗ್ರಂಥಾಲಯದ ಖಾತೆ ಇಂದು ರಾತ್ರಿಯೇ ರದ್ದಾಗುವುದೆಂದು ಅವಸರಪಡಿಸುವ ಕಾಗದ ಬಂದರೆ ಕೊಂಡಿಯನ್ನು ಒತ್ತದೆ, ಮರುದಿನ ಗ್ರಂಥಪಾಲಕರ ಮೇಜಿನ ಬಳಿಗೇ ಹೋಗಿ ಕೇಳಲಿ. ಒಂದು ರಾತ್ರಿ ತಡವಾದರೆ ಪುಸ್ತಕಗಳೇನೂ ಓಡಿಹೋಗುವುದಿಲ್ಲ.