ಮಾಪಕದ ಮೇಲೇಕೆ ಮುನಿಸು?

ಮಿಡಿಗೇಶಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತು ಈಗ ಅಮೆರಿಕದಲ್ಲಿ ನೆಲೆಸಿರುವ ಶಿಷ್ಯನೊಬ್ಬನು ಮೊನ್ನೆ ದೂರವಾಣಿಯಲ್ಲಿ ಅಳಲು ತೋಡಿಕೊಂಡನು. ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವುದು ಅವನ ಹವ್ಯಾಸ. ಮೊಳಕೆ ಬಾರ್ಲಿಯಿಂದ ಬಸಿದ ಸಿಹಿರಸಕ್ಕೆ ವರ್ಟ್ ಎಂದು ಹೆಸರು. ಅದನ್ನು ಕುದಿಸಿ ಇಳಿಸಿದಾಗ ಒಮ್ಮೆ ರಸದ ಅಳತೆ ಕಡಿಮೆ, ಇನ್ನೊಮ್ಮೆ ಸಾಂದ್ರತೆ ಕಡಿಮೆ. "ಹೈಡ್ರೋಮೀಟರೇ ಸರಿಯಿಲ್ಲ ಸಾರ್, ಸಕ್ಕರೆ ಸುರಿದು ಸರಿದೂಗಿಸುತ್ತೇನೆ" ಎಂದನು.

ಬಂಧುಗಳು ಹುಬ್ಬೇರಿಸಬೇಕಾಗಿಲ್ಲ. ನಾನು ಮದ್ಯ ಮುಟ್ಟಿದವನಲ್ಲ. ಅಲ್ಲಿನ ಒಕ್ಕೂಟ ಸರ್ಕಾರವು 1978ರ ಕಾನೂನಿನಿಂದ ಮನೆಬಳಕೆಯ ಬಿಯರಿಗೆ ಅವಕಾಶ ಕೊಟ್ಟಿದೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಅದನ್ನು ತಯಾರಿಸುವುದು ಅಪರಾಧ. ನನ್ನ ತಕರಾರು ಬಿಯರಿನ ಬಗೆಗಲ್ಲ, ಆ 'ಸರಿದೂಗಿಸುವ' ಬುದ್ಧಿಯ ಬಗೆಗೆ. ಉತ್ತರವನ್ನು ಮೊದಲು ಬರೆದು ಆಮೇಲೆ ಲೆಕ್ಕ ಹೊಂದಿಸುವ ಹಳೆಯ ಚಾಳಿಯದು!

ಬೆಲ್ಲದ ಪಾಕ ಕಾಯಿಸಿದರೆ ನೀರು ಹೋಗುತ್ತದೆ, ಬೆಲ್ಲ ಹೋಗುವುದಿಲ್ಲ. ಇದು ನಮ್ಮೂರಿನ ಯಾವ ಅಜ್ಜಿಗೂ ಗೊತ್ತು. ವರ್ಟಿನ ಗತಿಯೂ ಅದೇ. ಸಾಂದ್ರತೆ 1.040 ಎಂದರೆ 40 ಅಂಶಗಳೆನ್ನಿ. 6 ಲೀಟರಿಗೆ 40ರಂತೆ ಗುಣಲಬ್ಧ 240. ಕುದಿಸಿ 4.8 ಲೀಟರಿಗೆ ಇಳಿಸಿದರೆ ಸಾಂದ್ರತೆ 1.050, ಗುಣಲಬ್ಧ ಮತ್ತೆ 240. ಅವನ ಗುರಿಯೂ ಇದೇ ಆಗಿತ್ತು. ಮೊದಲ ಸಲ ದೊರೆತದ್ದು 4 ಲೀಟರ್, 1.060. ಗುಣಿಸಿದರೆ 240! ಸಿಹಿಯೆಲ್ಲ ಭದ್ರವಾಗಿದೆ, ಉರಿ ಹೆಚ್ಚಾಯಿತು, ಅಷ್ಟೆ. ಕುದಿಸಿ ಆರಿಸಿದ 0.8 ಲೀಟರ್ ನೀರು ಬೆರೆಸಿ ಚೆನ್ನಾಗಿ ಕಲಕಿದ್ದರೆ ಸಾಕಿತ್ತು. ಎರಡನೆಯ ಸಲ 4.8 ಲೀಟರ್, 1.040. ಗುಣಲಬ್ಧ 192 ಮಾತ್ರ. ಇಲ್ಲಿ ಸಿಹಿ ಕಾಳಿನಿಂದ ಇಳಿದೇ ಇಲ್ಲ. ಕಾಳು ಸರಿಯಾಗಿ ಒಡೆದಿತ್ತೇ, ನೆನೆಸಿದ ನೀರಿನ ಬಿಸಿ ಹದವಾಗಿತ್ತೇ ಎಂದು ಹಿಂದಕ್ಕೆ ಹೋಗಿ ನೋಡಬೇಕು. ಹೆಚ್ಚು ಕುದಿಸಿದರೆ ಸಾಂದ್ರತೆ ಏರೀತು, ರಸ ಇನ್ನೂ ಇಳಿದೀತು.

ಇನ್ನು ಮಾಪಕದ ಮೇಲಿನ ದೂರು. 20 ಡಿಗ್ರಿಯ ಶುದ್ಧ ನೀರಿನಲ್ಲಿ ಅದು 1.000 ತೋರಿಸುತ್ತದೆಯೇ ಎಂದು ಪರೀಕ್ಷಿಸಿದೆಯಾ ಎಂದೆ. ಇಲ್ಲವಂತೆ! ಬಿಸಿರಸದಲ್ಲಿಯೇ ಅದ್ದಿ ನೋಡಿದನಂತೆ. ಬಿಸಿಯಾದ ದ್ರವ ಹಿಗ್ಗುವುದರಿಂದ ಸಾಂದ್ರತೆ ಕಡಿಮೆಯಾಗಿಯೇ ಕಾಣುವುದೆಂಬ ಪಾಠ ಎತ್ತ ಹೋಯಿತು?

23 ಲೀಟರಿನ ಪಾಕವಿಧಾನವನ್ನು ಐದರಿಂದ ಭಾಗಿಸಿದ್ದು ಮತ್ತೊಂದು ತಪ್ಪು. ಆವಿಯಾಗುವ ನೀರು ಪಾತ್ರೆಯ ಬಾಯಗಲವನ್ನೂ ಉರಿಯನ್ನೂ ಅವಲಂಬಿಸಿದೆಯೇ ಹೊರತು ಒಳಗಿರುವ ರಸದ ಮೊತ್ತವನ್ನಲ್ಲ. ಪಾಕವಿಧಾನವನ್ನು ಭಾಗಿಸಬಹುದು, ಒಲೆಯನ್ನು ಭಾಗಿಸಲಾಗದು. ಗಂಟೆಗೆ ಎಷ್ಟು ಆರುವುದೆಂದು ಬರಿಯ ನೀರು ಕುದಿಸಿ ಅಳೆದುಕೊಳ್ಳತಕ್ಕದ್ದು.

"ಹವ್ಯಾಸಕ್ಕೆ ಇಷ್ಟೆಲ್ಲ ಏಕೆ ಸಾರ್?" ಎಂದನು. ಹಾಲಿಗೆ ನೀರು ಬೆರೆಸಿ, ಲ್ಯಾಕ್ಟೋಮೀಟರಿನ ಕಣ್ಣು ತಪ್ಪಿಸಲು ಸಕ್ಕರೆ ಹಾಕುವವನನ್ನು ನಾವು ಕಳ್ಳನೆನ್ನುತ್ತೇವೆ. ತನ್ನ ಪಾತ್ರೆಗೆ ತಾನೇ ಹಾಕಿಕೊಂಡವನು ಯಾರಿಗೆ ಮೋಸ ಮಾಡಿದ ಹಾಗಾಯಿತು? ಸಕ್ಕರೆಯಿಂದ ಅಂಕಿ ಸರಿಹೋದೀತು. ತಪ್ಪು ಮಾತ್ರ ಇದ್ದಲ್ಲಿಯೇ ಇದ್ದು ಮುಂದಿನ ಸಲವೂ ಕಾಡೀತು. ತಪ್ಪಿದ ಅಂಕಿಯೇ ಗುರುವೆಂದು ನಾನು ತರಗತಿಯಲ್ಲಿ ಹೇಳಿದ್ದು ಪರೀಕ್ಷೆಗಾಗಿ ಮಾತ್ರವಲ್ಲ.