ಡಿಫಾಲ್ಟಿಗೆ ಕನ್ನಡ ಬರುವುದಿಲ್ಲ

ನಾಸಿಕ್‌ನ ಅಂಬಡ, ಸಾತಪುರ, ಇತ್ತ ಛತ್ರಪತಿ ಸಂಭಾಜಿನಗರದ ವಾಳೂಜ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮಂಥ ಕನ್ನಡದವರಲ್ಲಿ, ಕಂಪ್ಯೂಟರಿನ ಗೀಳಿರುವವರಿಗೆ ಒಂದು ಹೊಸ ಹುಚ್ಚು. ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ದೊಡ್ಡ ಹಾರ್ಡ್ ಡಿಸ್ಕ್ ಜೋಡಿಸಿ, ‘ಹೋಮ್ ಸರ್ವರ್’ ಎಂದು ಹೆಸರಿಡುವುದು. ಫೋಲ್ಡರಿಗೆ ವಿಡಿಯೊ ಬಿದ್ದರೆ ಸಾಕು, ರಾತ್ರಿ ಎಲ್ಲರೂ ಮಲಗಿದಾಗ ಅದು ತಾನೇ ಕುಗ್ಗಿಸಿ, ಮೂಲವನ್ನು ಅಳಿಸಿ, ಬೆಳಗಾಗುವಷ್ಟರಲ್ಲಿ ಜಾಗ ಖಾಲಿ ಮಾಡಿಟ್ಟಿರುತ್ತದೆ. ನನ್ನ ಮನೆಯಲ್ಲೂ ಇಂಥದೊಂದು ಸರ್ವರ್ ಇದೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಮನೆಯ ಯಜಮಾನಿಕೆಯನ್ನೇ ಅದಕ್ಕೆ ಬರೆದುಕೊಟ್ಟು ಮಲಗುವವರ ಮೇಲೆ ಇದೆ.

ಇಂಥ ಸರ್ವರುಗಳ ಒಳಗೆ ದುಡಿಯುವುದು ಹೆಚ್ಚಾಗಿ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ. ನೀವು ಏನೂ ಹೇಳದಿದ್ದರೆ ಅದು ಒಂದು ಫೈಲಿನಿಂದ ಒಂದೇ ಧ್ವನಿಯನ್ನು ಎತ್ತಿಕೊಳ್ಳುತ್ತದೆ. ‘ಡಿಫಾಲ್ಟ್’ ಗುರುತಿದ್ದದ್ದು, ಇಲ್ಲವೇ ಹೆಚ್ಚು ಚಾನೆಲ್ ಇದ್ದದ್ದು, ಎರಡೂ ಸಮವಾದರೆ ಮೊದಲು ಬಂದದ್ದು. ಐದು ಭಾಷೆಯ ಧ್ವನಿಯಿರುವ ಸಿನಿಮಾದಲ್ಲಿ ಹಿಂದಿ ಮೊದಲಿದ್ದು ಕನ್ನಡ ನಾಲ್ಕನೆಯದಾಗಿದ್ದರೆ ಕಥೆ ಮುಗಿಯಿತು. ಕನ್ನಡದಲ್ಲೇ ತೆಗೆದ ಸಿನಿಮಾ ಬೆಳಗ್ಗೆ ಹಿಂದಿಯದಾಗಿ ಎದ್ದಿರುತ್ತದೆ. ಯಾರೂ ಕನ್ನಡವನ್ನು ದ್ವೇಷಿಸಲಿಲ್ಲ, ಯಾರೂ ಹೇರಲಿಲ್ಲ. ಕೇಳುವವರು ಇರಲಿಲ್ಲ, ಅಷ್ಟೆ. ‘ಬೇಡದ ಭಾಷೆ ತೆಗೆ’ ಎಂಬ ಪ್ಲಗಿನ್ನುಗಳದು ಇನ್ನೊಂದು ಕಥೆ. ಉಳಿಸಬೇಕಾದ ಪಟ್ಟಿಯಲ್ಲಿ ಇಂಗ್ಲಿಷ್, ಹಿಂದಿ ಬರೆದು, ಕನ್ನಡದ ಮೂರಕ್ಷರದ ಸಂಕೇತ ‘ಕೆಎಎನ್’ ಬರೆಯದೆ ಬಿಟ್ಟರೆ ಅದೂ ಹೊರಗೆ.

ಸಿನಿಮಾ ಮತ್ತೆ ಸಿಗಬಹುದು. ಮನೆಯ ಟೇಪು ಸಿಗುವುದಿಲ್ಲ. ಹಳೆಯ ಮಿನಿ ಡಿವಿ ಕ್ಯಾಸೆಟ್ಟಿನಿಂದ ಇಳಿಸಿದ ಮದುವೆ ವಿಡಿಯೊ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. ಆ ಚಿತ್ರದಲ್ಲಿ ಒಂದೊಂದು ಫ್ರೇಮೂ ಎರಡು ಅರ್ಧಗಳ ಹೆಣಿಗೆ. ಅದನ್ನು ಬಿಡಿಸದೆ ಕುಗ್ಗಿಸಿದರೆ ಸೀರೆಯಂಚು ಅಲುಗಾಡಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಖಾಯಂ. ಫೋನಿನ ವಿಡಿಯೊ ಮೊದಲೇ ಕುಗ್ಗಿ ಬಂದಿರುತ್ತದೆ. ಮತ್ತೊಮ್ಮೆ ಕುಗ್ಗಿಸಿದರೆ ಮತ್ತಷ್ಟು ವಿವರ ಹೋಗುತ್ತದೆ, ತಿರುಗಿ ಬರುವುದಿಲ್ಲ.

‘ಡಿಸ್ಕಿಗೆ ದುಡ್ಡು ಯಾರು ಕೊಡುತ್ತಾರೆ?’ ಎಂದು ನಾಸಿಕ್‌ನ ನನ್ನ ಗೆಳೆಯ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. 2013ರಲ್ಲಿ ಬಂದ ಎಚ್‌ಇವಿಸಿ ಮಾದರಿ, ಹಿಂದಿನ ಎಚ್.264ಕ್ಕಿಂತ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅಂಥದೇ ಚಿತ್ರ ಕೊಡುತ್ತದೆ. ಆದರೆ ಫೋನಿನಲ್ಲಿ ನೋಡಲು ಮೂಲವನ್ನು ಕೊಲ್ಲಬೇಕಾಗಿಲ್ಲ. ಜೆಲ್ಲಿಫಿನ್‌ನಂಥ ತಂತ್ರಾಂಶ ನೋಡುವ ಹೊತ್ತಿಗೆ ಬೇಕಾದಂತೆ ಕುಗ್ಗಿಸಿ ಕೊಡುತ್ತದೆ. ಊರಿನ ಫ್ಲ್ಯಾಟಿಗೆ ತಿಂಗಳ ಕಂತು ಕಟ್ಟುವವರು, ಅಜ್ಜಿಯ ಬೀಸುವ ಪದ ಉಳಿಸಲು ಒಂದು ಡಿಸ್ಕ್ ಕೊಳ್ಳಲು ಲೆಕ್ಕ ಹಾಕುವುದು ಮಾತ್ರ ನನಗೆ ಅರ್ಥವಾಗದು. ‘ಯೂಟ್ಯೂಬಿನಲ್ಲಿದೆಯಲ್ಲ’ ಎನ್ನುವವರಿಗೂ ಒಂದು ಮಾತು: ಅಲ್ಲಿ ಕಾಣುವುದೂ ಕುಗ್ಗಿಸಿದ ಪ್ರತಿಯೇ.

ಕಳೆದುಕೊಳ್ಳುವುದು ಏನೆಂದು ಈ ಸೀಮೆಗೆ ಹೇಳಿಕೊಡಬೇಕಾಗಿಲ್ಲ. ದಾದಾಸಾಹೇಬ್ ಫಾಲ್ಕೆ ಹುಟ್ಟಿದ್ದು ನಾಸಿಕ್ ಪಕ್ಕದ ತ್ರ್ಯಂಬಕೇಶ್ವರದಲ್ಲಿ, 1870ರಲ್ಲಿ. ಅವರ 1913ರ ‘ರಾಜಾ ಹರಿಶ್ಚಂದ್ರ’ ಪೂರ್ತಿಯಾಗಿ ಇಂದು ಯಾರ ಬಳಿಯೂ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದೂ ಇದೇ ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ, ತೆರೆಕಂಡದ್ದು 1934ರಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ಬೆಳ್ಳಿಪರದೆಯಲ್ಲಿ ಕನ್ನಡ ಮೊದಲು ಹೇಗೆ ಕೇಳಿಸಿತೆಂದು ನಮ್ಮಲ್ಲಿ ಯಾರಿಗೂ ಗೊತ್ತಾಗುವ ದಾರಿಯಿಲ್ಲ. ಆ ಕಾಲದಲ್ಲಿ ಹಳೆಯ ಫಿಲ್ಮನ್ನು ಅದರೊಳಗಿನ ಬೆಳ್ಳಿಗಾಗಿ ಕರಗಿಸುವವರಿದ್ದರು. ನಾವು ಜಿಬಿಗಾಗಿ ಅಳಿಸುತ್ತಿದ್ದೇವೆ. ಅವರಿಗೆ ಬೆಳ್ಳಿಯಾದರೂ ಸಿಕ್ಕಿತು.

ಹಾಗಾದರೆ ಮಾಡಬೇಕಾದದ್ದೇನು? ಮೂಲಕ್ಕೆ ಒಂದು ಫೋಲ್ಡರ್, ಕುಗ್ಗಿಸಿದ್ದಕ್ಕೆ ಇನ್ನೊಂದು. ಮೂಲದ ಫೋಲ್ಡರನ್ನು ಓದಲು ಮಾತ್ರ ಅನುಮತಿ, ಅಳಿಸುವ ಅಧಿಕಾರ ಯಂತ್ರಕ್ಕೆ ಬೇಡ. ಎಫ್‌ಎಫ್‌ಎಂಪೆಗ್‌ಗೆ ‘ಮ್ಯಾಪ್ 0’ ಎಂದು ಹೇಳಿ, ಎಲ್ಲ ಧ್ವನಿಯೂ ಎಲ್ಲ ಸಬ್‌ಟೈಟಲೂ ಉಳಿಯುತ್ತವೆ. ಕನ್ನಡದ ಧ್ವನಿಗೆ ‘ಕೆಎಎನ್’ ಚೀಟಿ ಅಂಟಿಸಿ. ಕೆಲಸ ಮುಗಿದ ಮೇಲೆ ಮೂಲದ ಅವಧಿ, ಧ್ವನಿಗಳ ಸಂಖ್ಯೆ ಹೊಸದರೊಂದಿಗೆ ತಾಳೆಯಾಗುತ್ತದೆಯೇ ಎಂದು ಸ್ಕ್ರಿಪ್ಟೇ ನೋಡಲಿ. ಯಂತ್ರಕ್ಕೆ ಕೊಡಬೇಕಾದ ಕೆಲಸ ಇದೇ. ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. ನಾಸಿಕ್‌ನವರದು ಸಂಭಾಜಿನಗರದಲ್ಲಿ, ಇಲ್ಲಿಯವರದು ಅಲ್ಲಿ. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕಿಸುವಾಗ ಇಂಥ ಎರಡು ಡಿಸ್ಕಿಗೂ ವಂತಿಗೆ ಎತ್ತಬಹುದು.

ಊರಿನಿಂದ ನೆಂಟರು ಬಂದಾಗ ನಾವು ಎಲ್ಲೋರಕ್ಕೆ ಕರೆದೊಯ್ದು, ಕೈಲಾಸ ದೇಗುಲದ ಮುಂದೆ ನಿಲ್ಲಿಸಿ, ‘ಇದನ್ನು ಕಡೆಸಿದವರು ನಮ್ಮ ರಾಷ್ಟ್ರಕೂಟರು’ ಎಂದು ಎದೆಯುಬ್ಬಿಸುತ್ತೇವೆ. ಒಂದೇ ಬಂಡೆಯನ್ನು ಮೇಲಿಂದ ಕೆಳಕ್ಕೆ ಕಡಿದ ಕೆಲಸ ಅದು. ತೆಗೆದ ಕಲ್ಲನ್ನು ಮತ್ತೆ ಅಂಟಿಸುವಂತಿರಲಿಲ್ಲ. ಏನು ತೆಗೆಯಬೇಕು, ಏನು ಬಿಡಬೇಕು ಎಂಬುದು ಉಳಿ ಹಿಡಿದವನಿಗೆ ತಿಳಿದಿತ್ತು. ನಮ್ಮ ಸರ್ವರಿಗೆ ತಿಳಿದಿಲ್ಲ, ನಾವೇ ಹೇಳಬೇಕು.