ರಕ್ತಪೂರಣ ಮತ್ತು ಮೂಕಪ್ರಾಣಿಗಳ ಋಣ

ಚಿಕ್ಕ ಪ್ರಾಣಿಗಳಿಂದ ಅದೇ ಫಲ ದೊರೆಯುವಂತಿದ್ದರೆ ದೊಡ್ಡ ಪ್ರಾಣಿಗಳ ಮೇಲಿನ ಪ್ರಯೋಗವನ್ನು ವರ್ಜಿಸಬೇಕೆಂಬುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಆಶಯ. ಇದನ್ನು ನಾವು ಒಪ್ಪುತ್ತೇವೆ. ಆದರೆ ರಕ್ತಪೂರಣದ ಸಂಶೋಧನೆಗೆ ಪುಟ್ಟ ಇಲಿ ಸಾಲದು: ಅದರ ಮೈಯಲ್ಲಿರುವ ರಕ್ತ ಸುಮಾರು 2 ಮಿಲಿಲೀಟರು, ಮನುಷ್ಯನದು ಸುಮಾರು 5 ಲೀಟರು. ಅಪಘಾತದಲ್ಲಿ ರಕ್ತ ಸೋರಿದವನಿಗೆ ಎಷ್ಟನ್ನು, ಯಾವ ವೇಗದಲ್ಲಿ ತುಂಬಬೇಕೆಂದು ಅಳೆಯಲು ಹಂದಿ, ಕುರಿಗಳ ಗಾತ್ರ ಬೇಕಾಗುತ್ತದೆ.

ಹಾಗೆಂದು ಪ್ರಾಣಿಯ ಫಲವೇ ಕೊನೆಯ ಮಾತಲ್ಲ. ಫ್ರಾನ್ಸಿನ ವೈದ್ಯ ಡೆನಿ ಮೊದಲು ನಾಯಿಗಳಲ್ಲಿ ಪರೀಕ್ಷಿಸಿ, 1667ರಲ್ಲಿ ಕುರಿಮರಿ, ಕರುಗಳ ರಕ್ತವನ್ನು ಮನುಷ್ಯರಿಗೆ ಏರಿಸಿದನು. ರೋಗಿಯೊಬ್ಬನು ಮೃತನಾದ ಬಳಿಕ ಆ ಚಿಕಿತ್ಸೆಯೇ ಅಲ್ಲಿ ನಿಷಿದ್ಧವಾಯಿತು. ಪ್ರಾಣಿಯ ಸಾಕ್ಷ್ಯ ಬೇಕು; ಅದೊಂದೇ ತೀರ್ಪಾಗಕೂಡದು.

ಪ್ರಯೋಗವು ಅರಿವಳಿಕೆಯೊಡನೆ, ಅನಿವಾರ್ಯವಾದಷ್ಟೇ ನಡೆಯಲಿ. ನಮ್ಮ ಹೋಟೆಲ್ ಕಾರ್ಮಿಕನಿಗಾಗಲಿ ಗುಮಾಸ್ತನಿಗಾಗಲಿ ಆಸ್ಪತ್ರೆಯಲ್ಲಿ ಏರಿಸುವ ರಕ್ತದ ಹಿಂದೆ ದಾನಿಯ ಋಣದೊಡನೆ ಮೂಕಪ್ರಾಣಿಯ ಋಣವೂ ಇದೆ.